ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲ್ ಹಿಡಿಯುವವರಿಗೆ: ಮೊದಲ ಆರು ತಿಂಗಳ ಅಭ್ಯಾಸ

ಕರ್ನಾಟಕದ ಯಾವ ಊರಾದರೂ ಸರಿ, ಹುಡುಗರು ಮೊದಲು ಆಡುವುದು ಟೆನಿಸ್ ಬಾಲ್ ಕ್ರಿಕೆಟ್. ಶಾಲೆಯ ಮೈದಾನ, ಕೊಯ್ಲು ಮುಗಿದ ಗದ್ದೆ, ಬಡಾವಣೆಯ ಖಾಲಿ ಸೈಟು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಆಟ. ಅದರಲ್ಲಿ ಪಳಗಿದವರಿಗೆ ಕಣ್ಣು ಚುರುಕು, ಕೈ ಚುರುಕು, ಕೊನೆಯ ಓವರಿನಲ್ಲಿ ಹೆದರದೆ ಆಡುವ ಧೈರ್ಯವೂ ಇರುತ್ತದೆ. ಆದರೂ ಅಕಾಡೆಮಿ ಸೇರಿದ ಮೊದಲ ತಿಂಗಳು ಅವರಲ್ಲಿ ಹೆಚ್ಚಿನವರು ಸ್ಲಿಪ್ಪಿಗೆ ಕ್ಯಾಚು ಕೊಡುತ್ತಾರೆ, ಇಲ್ಲವೇ ಬ್ಯಾಟು ಪ್ಯಾಡಿನ ನಡುವೆ ಬೌಲ್ಡ್ ಆಗುತ್ತಾರೆ. ಇದು ಪ್ರತಿಭೆಯ ಕೊರತೆಯಲ್ಲ. ಟೆನಿಸ್ ಬಾಲನ್ನು ಮೈಯಿಂದ ಮುಂದೆಯೇ, ಬೇಗ ಹೊಡೆಯಬೇಕು. ಲೆದರ್ ಬಾಲನ್ನು ಕಾದು, ಕಣ್ಣಿನ ಕೆಳಗೆ ಬಂದ ಮೇಲೆ ಆಡಬೇಕು. ಚೆಂಡು ಬದಲಾದರೂ ಆಡುವ ಗಳಿಗೆ ಬದಲಾಗದಿದ್ದರೆ ಔಟಾಗುವುದು ಸಹಜ. ಮುಂದೆ ಹೇಳುವ ಹೆಚ್ಚಿನ ಅಭ್ಯಾಸಗಳೆಲ್ಲ ಆ ಗಳಿಗೆಯನ್ನು ಬದಲಿಸಿಕೊಳ್ಳುವುದಕ್ಕಾಗಿ.

ತಡವಾಯಿತೇನೋ ಎಂದು 15, 16ರ ವಯಸ್ಸಿನವರು ಕೇಳುವುದುಂಟು. ಕರ್ನಾಟಕದ ವೇಗದ ಬೌಲರ್ ಅಭಿಮನ್ಯು ಮಿಥುನ್ 17ರ ವಯಸ್ಸಿನವರೆಗೆ ಲೆದರ್ ಬಾಲಿನಲ್ಲಿ ಬೌಲಿಂಗ್ ಮಾಡಿರಲಿಲ್ಲ, ಡಿಸ್ಕಸ್ ಎಸೆಯುತ್ತಿದ್ದರು. 2009-10ರ ತಮ್ಮ ಮೊದಲ ರಣಜಿ ಋತುವಿನಲ್ಲಿ 47 ವಿಕೆಟ್ ಪಡೆದು 2010ರಲ್ಲಿ ಟೆಸ್ಟ್ ಆಡಿದರು. ಎಲ್ಲರಿಗೂ ಹಾಗಾಗುವುದಿಲ್ಲ, ನಿಜ. ಆದರೆ ಕ್ಲಬ್ ಮಟ್ಟದಲ್ಲಿ ಚೆನ್ನಾಗಿ ಆಡುವುದಕ್ಕಂತೂ ಆ ವಯಸ್ಸು ತಡವೇ ಅಲ್ಲ.

ಚೆಂಡಿನ ವ್ಯತ್ಯಾಸ

ಸಾಮಾನ್ಯ ಟೆನಿಸ್ ಬಾಲಿನ ತೂಕ ಸುಮಾರು 58 ಗ್ರಾಂ. ಗಂಡಸರ ಲೆದರ್ ಬಾಲು 156ರಿಂದ 163 ಗ್ರಾಂ. ಹೆಂಗಸರ ಕ್ರಿಕೆಟ್ಟಿನಲ್ಲಿ 140ರಿಂದ 151 ಗ್ರಾಂ, 13 ವರ್ಷದೊಳಗಿನವರಿಗೆ 133ರಿಂದ 144 ಗ್ರಾಂ. ಹನ್ನೊಂದು ವರ್ಷದ ಮಗುವಿಗೆ ದೊಡ್ಡವರ ಚೆಂಡು ಕೊಟ್ಟು ಅಭ್ಯಾಸ ಮಾಡಿಸುವ ಕಡೆ ಹೋಗಬೇಡಿ. ಬೆರಳು ಸೀಮಿನ (ಚೆಂಡಿನ ನಡುವಿನ ಉಬ್ಬಿದ ಹೊಲಿಗೆಯ) ಎರಡೂ ಬದಿಗೆ ಸರಿಯಾಗಿ ಕೂರದೆ ಮಗು ಅಂಗೈಯಿಂದ ಚೆಂಡು ಹಿಡಿಯಲು ಕಲಿಯುತ್ತದೆ. ಆ ಹಿಡಿತ ಆಮೇಲೆ ಬಿಡಿಸುವುದು ಬಲು ಕಷ್ಟ.

ಟೆನಿಸ್ ಬಾಲು ಬ್ಯಾಟಿಗೆ ಬಡಿದಾಗ ಅದುಮಿಕೊಳ್ಳುತ್ತದೆ. ಅದಕ್ಕೇ ಅದನ್ನು ದೂರ ಕಳಿಸಲು ಕೆಳಗೈಯ, ಅಂದರೆ ಬ್ಯಾಟಿನ ಹಿಡಿಯಲ್ಲಿ ಕೆಳಗಿರುವ ಕೈಯ ಬಲ ಬೇಕು. ಲೆದರ್ ಬಾಲಿಗೆ ವೇಗ ಅದರದ್ದೇ ಇರುತ್ತದೆ. ಬ್ಯಾಟಿನ ನಡುವೆ ತಾಗಿದರೆ ತಾನೇ ಓಡುತ್ತದೆ. ಅಂಚಿಗೆ ತಾಗಿದ ಟೆನಿಸ್ ಬಾಲು ಸಾಮಾನ್ಯವಾಗಿ ಅಲ್ಲೇ ಬೀಳುತ್ತದೆ. ಲೆದರ್ ಬಾಲಾದರೆ ನೇರ ಸ್ಲಿಪ್ಪಿನ ಕೈಗೆ. ಇದರ ಜತೆ ಸೀಮ್ ಇದೆ, ಪಿಚ್ಚಿಗೆ ಬಿದ್ದು ಎರಡೂ ಕಡೆ ತಿರುಗಬಹುದು. 110 ಕಿಲೋಮೀಟರ್ ವೇಗದ ಎಸೆತ ಬೌಲರ್ ಕೈಬಿಟ್ಟ ಮೇಲೆ ನಿಮ್ಮನ್ನು ತಲುಪಲು ಸುಮಾರು 0.6 ಸೆಕೆಂಡು. ಅಷ್ಟರೊಳಗೆ ಚೆಂಡು ತಿರುಗಿದ್ದನ್ನು ಕಂಡು ಬ್ಯಾಟನ್ನು ಹೊಂದಿಸಬೇಕಾದರೆ, ಬ್ಯಾಟು ಆಗಲೇ ಮುಂದೆ ಹೋಗಿರಬಾರದು.

ಸಾಮಾನು

ಬ್ಯಾಟಿನ ಉದ್ದ ಎತ್ತರಕ್ಕೆ ತಕ್ಕಂತೆ ಇರಲಿ. ಸುಮಾರು 5 ಅಡಿ ಎತ್ತರದವರಿಗೆ 5 ಅಥವಾ 6ನೇ ಸೈಜು, 5 ಅಡಿ 3 ಅಂಗುಲದ ಆಸುಪಾಸಿನವರಿಗೆ ಹ್ಯಾರೋ ಎಂಬ ಸೈಜು, 5 ಅಡಿ 6 ಅಂಗುಲ ದಾಟಿದವರಿಗೆ ಶಾರ್ಟ್ ಹ್ಯಾಂಡಲ್ ಎಂಬ ದೊಡ್ಡವರ ಸೈಜು. "ಬೆಳೆಯುವ ಹುಡುಗ, ಒಂದು ಸೈಜು ದೊಡ್ಡದೇ ಇರಲಿ" ಎಂದು ಅಪ್ಪ ಅಮ್ಮ ಬಟ್ಟೆ ಕೊಂಡಂತೆ ಬ್ಯಾಟು ಕೊಳ್ಳುತ್ತಾರೆ. ಅದರಿಂದ ಬರುವ ತೊಂದರೆಗೆ ಕೋಚ್ ವರ್ಷಗಟ್ಟಲೆ ಒದ್ದಾಡಬೇಕಾಗುತ್ತದೆ. ತೂಕ ನೋಡಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೇಲಿನ ಕೈಯೊಂದರಲ್ಲೇ ಬ್ಯಾಟು ಹಿಡಿದು ಹತ್ತು ಸಲ ನಿಧಾನವಾಗಿ ಸ್ಟ್ರೇಟ್ ಡ್ರೈವ್ ಆಡಿ ತೋರಿಸಲಿ. ಆರೇಳನೆಯದಕ್ಕೆ ಮಣಿಕಟ್ಟು ಕುಸಿದು ಬ್ಯಾಟಿನ ಮುಖ ತಿರುಗಿದರೆ ಅದು ಭಾರದ ಬ್ಯಾಟು. ದೊಡ್ಡವರಿಗೂ 1,120ರಿಂದ 1,180 ಗ್ರಾಂ ಧಾರಾಳ ಸಾಕು. ಟೆನಿಸ್ ಬಾಲಿಗೆಂದು ಕೊಂಡ ಹಗುರದ ಬ್ಯಾಟನ್ನು ಲೆದರ್ ಬಾಲಿಗೆ ಬಳಸಬೇಡಿ, ಬಿರಿಯುತ್ತದೆ.

ಮೇಲೆ ಹಾಳೆ ಅಂಟಿಸದ ಹೊಸ ವಿಲ್ಲೋ ಬ್ಯಾಟಿನ ಮುಖಕ್ಕೆ, ಅಂಚಿಗೆ, ತುದಿಗೆ ಒಂದು ಚಮಚದಷ್ಟು ಹಸಿ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಒಂದು ದಿನ ಅಡ್ಡ ಮಲಗಿಸಿಡಿ. ಹಿಡಿ ಸೇರುವ ಜಾಗಕ್ಕೆ, ಸ್ಟಿಕ್ಕರಿಗೆ ಎಣ್ಣೆ ತಾಗಿಸಬೇಡಿ. ಒಣಗಿದ ಮೇಲೆ ಇನ್ನೊಮ್ಮೆ. ಆಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಶುರುಮಾಡಿ ದಿನಕ್ಕೆ ಅರ್ಧ ಗಂಟೆಯಂತೆ ಒಟ್ಟು ಆರು ಗಂಟೆ ಮುಖವನ್ನು ತಟ್ಟಬೇಕು. ಅಂಚನ್ನು ನೇರವಾಗಿ ಬಡಿಯದೆ, ಸುತ್ತಿಗೆಯನ್ನು ಓರೆ ಹಿಡಿದು ಮೂಲೆ ದುಂಡಗಾಗುವಂತೆ ತಟ್ಟಿ. ತುದಿಯ ಅಡಿಭಾಗವನ್ನು ಮುಟ್ಟಬೇಡಿ. ಕೊನೆಗೆ ಹಳೆಯ ಚೆಂಡಿನಲ್ಲಿ ಒಂದು ಗಂಟೆ ಮೆಲ್ಲನೆಯ ಆಟ. ಚೆಂಡಿನ ಸೀಮಿನ ಗುರುತು ಆಳವಾಗಿ ಒತ್ತಿದಂತೆ ಕಂಡರೆ ಇನ್ನೂ ತಟ್ಟುವುದು ಬಾಕಿ ಇದೆ ಎಂದು ಅರ್ಥ.

ಪ್ಯಾಡು, ಗ್ಲೌಸು, ಕಿಬ್ಬೊಟ್ಟೆಯ ಗಾರ್ಡು, ತೊಡೆಯ ಪ್ಯಾಡು, ಹೆಲ್ಮೆಟ್ಟು ಇವಿಲ್ಲದೆ ಲೆದರ್ ಬಾಲಿನ ನೆಟ್ಟಿಗೆ (ಬಲೆ ಕಟ್ಟಿದ ಅಭ್ಯಾಸದ ಜಾಗಕ್ಕೆ) ಇಳಿಯುವುದೇ ಬೇಡ. ಹೆಲ್ಮೆಟ್ಟಿನ ಚಾಚು ಮತ್ತು ಜಾಲರಿಯ ನಡುವಿನ ಸಂದಿನಲ್ಲಿ ಚೆಂಡನ್ನು ಒತ್ತಿ ನೋಡಿ. ಒಳಗೆ ತೂರಿದರೆ ಆ ಹೆಲ್ಮೆಟ್ಟು ಮುಖ ಉಳಿಸುವುದಿಲ್ಲ. ತಲೆಯನ್ನು ಜೋರಾಗಿ ಅಲ್ಲಾಡಿಸಿದಾಗ ಅದು ತಲೆಯ ಜತೆಗೇ ತಿರುಗಬೇಕು. ಬಲವಾದ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಬದಲಿಸಿ. ಶೂ ವಿಷಯದಲ್ಲಿ ಒಂದೇ ಮಾತು: ಮ್ಯಾಟಿನ ಮೇಲೆ ರಬ್ಬರ್ ಅಡಿಯದ್ದು, ಹುಲ್ಲಿನ ಟರ್ಫ್ ವಿಕೆಟ್ಟಿನಲ್ಲಿ ಮೊಳೆಯದ್ದು. ಮೊಳೆಯ ಶೂ ತೊಟ್ಟು ತೆಂಗಿನ ನಾರಿನ ಮ್ಯಾಟ್ ಮೇಲೆ ಓಡಿದರೆ ಮ್ಯಾಟೂ ಹರಿಯುತ್ತದೆ, ಪಾದವೂ ಉಳುಕುತ್ತದೆ.

ಬ್ಯಾಟಿಂಗ್: ಕೆಳಗೈ ಸಡಿಲಿಸುವುದು ಮೊದಲು

ಬ್ಯಾಟನ್ನು ನೆಲದ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ಕೊಡಲಿ ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎರಡು ಕೈಗಳಲ್ಲೂ ಮೂಡುವ ಕವಲುಗಳು ಒಂದೇ ಗೆರೆಯಲ್ಲಿರಬೇಕು, ಆ ಗೆರೆ ಬ್ಯಾಟಿನ ಹಿಂಬದಿಯ ನಡುಗೆರೆಗೂ ಹೊರ ಅಂಚಿಗೂ ಮಧ್ಯೆ ಹಾಯಬೇಕು. ಟೆನಿಸ್ ಬಾಲಿನಿಂದ ಬಂದವರ ಕೆಳಗೈ ಬಹುತೇಕ ಹಿಡಿಯ ಹಿಂದಕ್ಕೆ ಸುತ್ತಿಕೊಂಡಿರುತ್ತದೆ. ಮಿಡ್ ವಿಕೆಟ್ಟಿಗೆ ಎಳೆಯಲು ಅದು ಅನುಕೂಲ. ಆದರೆ ಆಫ್ ಸ್ಟಂಪಿನ ಚೆಂಡಿಗೆ ಬ್ಯಾಟಿನ ಮುಖ ತಾನೇ ಮುಚ್ಚಿಕೊಂಡು ಮುಂಭಾಗದ ಅಂಚಿಗೆ ತಾಗಿ ಬೌಲರ್ ಕೈಗೇ ಕ್ಯಾಚು ಹೋಗುತ್ತದೆ. ಕೆಳಗೈಯಲ್ಲಿ ಹೆಬ್ಬೆರಳು ಮತ್ತು ಮೊದಲ ಎರಡು ಬೆರಳು ಮಾತ್ರ ಬಿಗಿ, ಉಳಿದೆರಡು ಬರೀ ತಾಗಿರಲಿ.

ಹೊಸ ಹಿಡಿತ ಎರಡು ಮೂರು ವಾರ ವಿಚಿತ್ರವಾಗಿಯೇ ಇರುತ್ತದೆ, ಹೊಡೆತದಲ್ಲಿ ಬಲವೇ ಇಲ್ಲ ಅನಿಸುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಭಾನುವಾರದ ಟೆನಿಸ್ ಬಾಲ್ ಟೂರ್ನಮೆಂಟಿಗೆ ಹೋಗಿ ಹಳೆಯ ಹಿಡಿತದಲ್ಲಿ ಎರಡು ಸಿಕ್ಸರ್ ಹೊಡೆದು ಬರುತ್ತಾರೆ, ಸೋಮವಾರ ಕೋಚ್ ಮತ್ತೆ ಮೊದಲಿನಿಂದ ಶುರುಮಾಡಬೇಕು. ಮೊದಲ ಮೂರು ತಿಂಗಳು ಟೆನಿಸ್ ಬಾಲ್ ಟೂರ್ನಮೆಂಟು ಪೂರ್ತಿ ಬಿಡಿ. ಗೆಳೆಯರಿಗೆ ಬೇಜಾರಾಗಬಹುದು; ಆದರೂ ಬಿಡಿ. ಹಿಡಿತ ಕೂತ ಮೇಲೆ ಎರಡನ್ನೂ ಆಡಬಹುದು.

ಮೊದಲ ತಿಂಗಳಿನ ಅಭ್ಯಾಸ ಹೀಗಿರಲಿ.

ಮೇಲಿನ ಕೈ ಮಾತ್ರ: ಜತೆಗಾರ 5 ಮೀಟರ್ ದೂರದಿಂದ ಕೈ ಕೆಳಗಿನಿಂದ ಚೆಂಡು ಹಾಕಲಿ, ಒಂದು ಪುಟಿತದ ಮೇಲೆ ನಿಮ್ಮ ಮುಂಗಾಲಿನ ಪಕ್ಕ ಬರಬೇಕು. ಚಿಕ್ಕ ಬ್ಯಾಟಿನಲ್ಲಿ ಮೇಲಿನ ಕೈಯಿಂದಷ್ಟೇ 20 ಚೆಂಡು ನೇರಕ್ಕೆ ಆಡಿ. ಮೊಣಕೈ ಮೇಲೆ ಬಾರದಿದ್ದರೆ ಚೆಂಡು ಲೆಗ್ ಕಡೆಗೆ ಓಡುತ್ತದೆ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಸೀಮೆಸುಣ್ಣದ ವೃತ್ತ: ಮುಂಗಾಲಿನ ಎದುರು 2 ಮೀಟರ್ ಅಗಲದ ವೃತ್ತ ಬರೆಯಿರಿ. 14, 15 ಮೀಟರಿನಿಂದ ಬರುವ ಥ್ರೋಡೌನನ್ನು (ಬೌಲ್ ಮಾಡದೆ ಕೈಯಿಂದ ಎಸೆದ ಚೆಂಡನ್ನು) ಡಿಫೆನ್ಸ್ ಮಾಡಿದಾಗ ಚೆಂಡು ವೃತ್ತದೊಳಗೇ ಸಾಯಬೇಕು. ಹೊರಗೆ ಓಡಿತೆಂದರೆ ಕೈ ಗಟ್ಟಿಯಾಗಿದೆ, ಅಥವಾ ಬ್ಯಾಟು ಪ್ಯಾಡಿಗಿಂತ ಬಹಳ ಮುಂದೆ ಹೋಗಿದೆ. 24ರಲ್ಲಿ 18 ಒಳಗೆ ನಿಲ್ಲುವವರೆಗೆ ಡ್ರೈವಿಗೆ ಹೋಗಬೇಡಿ.

ಒದ್ದೆ ಟೆನಿಸ್ ಬಾಲು: ಬಕೆಟ್ ನೀರಿನಲ್ಲಿ ನೆನೆಸಿದ ಟೆನಿಸ್ ಬಾಲನ್ನು ಸಿಮೆಂಟಿನ ಮೇಲೆ ಜೋರಾಗಿ ಎಸೆದರೆ ಅದು ಪುಟಿಯದೆ ಜಾರಿಕೊಂಡು ಬರುತ್ತದೆ. ಬೇಗ ಬ್ಯಾಟು ಬೀಸುವ ಚಟ ಬಿಡಿಸಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಚೆಂಡು ಕೆಳಗೇ ಉಳಿಯುವುದರಿಂದ ಮೊಣಕಾಲು ಬಾಗಿಸಿ ತಲೆ ತಗ್ಗಿಸಲೇಬೇಕಾಗುತ್ತದೆ.

ಬಿಡುವುದನ್ನು ಕಲಿಯುವುದು

ಟೆನಿಸ್ ಬಾಲ್ ಪಂದ್ಯ ಆರು, ಎಂಟು ಓವರಿನದು. ಅಲ್ಲಿ ಚೆಂಡನ್ನು ಆಡದೆ ಹೋಗಲು ಬಿಟ್ಟರೆ ಸುತ್ತಲಿನವರೆಲ್ಲ ಬೈಯುತ್ತಾರೆ. ಹಾಗಾಗಿ ಬಿಡುವುದು ಒಂದು ಕೌಶಲ ಎಂಬುದೇ ಹಲವರಿಗೆ ಹೊಸದು. ಲೆದರ್ ಬಾಲಿನಲ್ಲಿ ಹೊಸ ಚೆಂಡಿನ ಮೊದಲ ಹತ್ತು ಓವರು ದಾಟಲು ಇದರಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ, ಆದ್ದರಿಂದ ಇದಕ್ಕೆ ಬೇರೆಯೇ ಸಮಯ ಇಡಿ.

ನಿಮ್ಮ ಆಫ್ ಸ್ಟಂಪ್ ಎಲ್ಲಿದೆ ಎಂದು ನಿಮಗೆ ಗೊತ್ತಿರಬೇಕು, ಅದೂ ತಿರುಗಿ ನೋಡದೆ. ಸ್ಟಂಪುಗಳ ಅಗಲ ಒಟ್ಟು 9 ಅಂಗುಲ. ಮಿಡ್ಲ್ ಸ್ಟಂಪ್ ಗಾರ್ಡ್ ತೆಗೆದುಕೊಂಡು (ನಡುವಿನ ಸ್ಟಂಪಿನ ನೇರಕ್ಕೆ ನಿಲ್ಲುವ ಜಾಗ ಗುರುತಿಸಿಕೊಂಡು), ಸಣ್ಣದಾಗಿ ಹಿಂದಕ್ಕೂ ಆಫ್ ಕಡೆಗೂ ಸರಿಯುವ ಅಭ್ಯಾಸವಿದ್ದರೆ ನಿಮ್ಮ ಬಲಗಣ್ಣು ಸುಮಾರಾಗಿ ಆಫ್ ಸ್ಟಂಪಿನ ಮೇಲೆ ಬರುತ್ತದೆ. ಕಣ್ಣಿನ ಗೆರೆಯಿಂದ ಹೊರಗಿನ ಚೆಂಡು ಬಿಡಬಹುದಾದದ್ದು. ಗಾರ್ಡ್ ದಿನಕ್ಕೊಂದು ಬದಲಿಸಿದರೆ ಈ ಲೆಕ್ಕ ಕೂರುವುದೇ ಇಲ್ಲ. ಆರು ತಿಂಗಳು ಒಂದೇ ಗಾರ್ಡು ಇಟ್ಟುಕೊಳ್ಳಿ.

ಈಗ ಅಭ್ಯಾಸ. ಆಫ್ ಸ್ಟಂಪಿನಿಂದ ಪಿಚ್ಚಿನುದ್ದಕ್ಕೂ ಒಂದು ಸುಣ್ಣದ ಗೆರೆ, ಅದರಿಂದ ಒಂದು ಬ್ಯಾಟಿನ ಅಗಲ ಬಿಟ್ಟು ಹೊರಗೆ ಇನ್ನೊಂದು ಗೆರೆ ಎಳೆಯಿರಿ. ಒಬ್ಬರು ಥ್ರೋಡೌನ್ ಕೊಡಲಿ, ಇನ್ನೊಬ್ಬರು ನೆಟ್ಟಿನ ಹೊರಗೆ ಸ್ಟಂಪುಗಳ ಹಿಂದೆ ನಿಲ್ಲಲಿ. ಚೆಂಡು ಪಿಚ್ಚಾಗುವ ಹೊತ್ತಿಗೆ ನೀವು ಗಟ್ಟಿಯಾಗಿ "ಆಡು" ಅಥವಾ "ಬಿಡು" ಎಂದು ಹೇಳಬೇಕು, ಹೇಳಿದ ಹಾಗೆ ಮಾಡಬೇಕು. ಹಿಂದೆ ನಿಂತವರು ಚೆಂಡು ಎಲ್ಲಿ ಹಾದುಹೋಯಿತು ಎಂದು ನೋಡಿ ಸರಿ, ತಪ್ಪು ಗುರುತು ಹಾಕಿಕೊಳ್ಳುತ್ತಾರೆ. ಸ್ಟಂಪಿಗೆ ಬರುವುದನ್ನು ಬಿಟ್ಟರೆ ತಪ್ಪು. ಎರಡನೇ ಗೆರೆಯ ಆಚೆಯ ಲೆಂಗ್ತ್ ಬಾಲಿಗೆ (ತೀರಾ ಹತ್ತಿರವೂ ತೀರಾ ದೂರವೂ ಅಲ್ಲದೆ ನಡುವೆ ಬೀಳುವ ಚೆಂಡಿಗೆ) ಕೈ ಹಾಕಿದರೂ ತಪ್ಪು. ಒಂದು ಸುತ್ತಿಗೆ 24 ಚೆಂಡು. ಶುರುವಿನಲ್ಲಿ 14, 15 ಸರಿ ಬರುವುದೂ ಸಾಮಾನ್ಯವೇ. 21 ದಾಟಿದ ಮೇಲೆ ಥ್ರೋಡೌನ್ ಬಿಟ್ಟು ನಿಜವಾದ ಬೌಲರುಗಳ ಎದುರು ಇದನ್ನೇ ಮಾಡಿ. ಬಿಡುವಾಗ ಬ್ಯಾಟನ್ನು ತಲೆಯ ಮೇಲಕ್ಕೋ ಪ್ಯಾಡಿನ ಹಿಂದಕ್ಕೋ ಪೂರ್ತಿ ತೆಗೆಯಬೇಕು. ಅರ್ಧಕ್ಕೆ ನಿಲ್ಲಿಸಿದ ಬ್ಯಾಟಿಗೆ ತಾಗಿದ ಚೆಂಡು ಸ್ಟಂಪಿಗೆ ಬರುತ್ತದೆ.

ಹಿಂಗಾಲಿನ ಆಟವೂ ಹೀಗೆಯೇ ಹೊಸದಾಗಿ ಕಲಿಯಬೇಕಾದದ್ದು. ಹಿಂಗಾಲು ಹಿಂದಕ್ಕೂ ಆಫ್ ಕಡೆಗೂ ಹೋಗಿ ಕ್ರೀಸಿಗೆ ಸಮಾನಾಂತರವಾಗಿ ಕೂರಬೇಕು. ಪಾದದ ತುದಿ ಬೌಲರ್ ಕಡೆಗೆ ತಿರುಗಿದರೆ ಎದೆ ತೆರೆದುಕೊಳ್ಳುತ್ತದೆ, ಬ್ಯಾಟು ಅಡ್ಡ ಬರುತ್ತದೆ. ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ವಿಡಿಯೊಗಳು ಸಿಕ್ಕರೆ ಅವರ ಕೈ ನೋಡಬೇಡಿ, ಕಾಲು ನೋಡಿ. ಮೈಯ ತೂಕ ಯಾವ ಕಾಲಿನ ಮೇಲೆ, ಯಾವಾಗ ಬೀಳುತ್ತದೆ ಎಂದು ನಿಲ್ಲಿಸಿ ನಿಲ್ಲಿಸಿ ನೋಡಿ.

ಚೆಂಡಿನ ಭಯದ ಬಗ್ಗೆ ಒಂದು ಮಾತು. ಭಯ ಇರುವವರು ಸ್ಕ್ವೇರ್ ಲೆಗ್ ಕಡೆಗೆ ಹಿಂಗಾಲು ಸರಿಸುತ್ತಾರೆ, ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ. ಇದಕ್ಕೆ ಬೈದು ಪ್ರಯೋಜನವಿಲ್ಲ. ಎರಡು ವಾರ ಮೆತ್ತನೆಯ ಸಿಂಥೆಟಿಕ್ ಬಾಲು, ಆಮೇಲೆ ಹಳೆಯ ಲೆದರ್ ಬಾಲು, ಕೊನೆಗೆ ಹೊಸದು, ಈ ಕ್ರಮದಲ್ಲಿ ಹೋಗಿ. ಹಿಂಗಾಲಿನ ಹಿಮ್ಮಡಿಯ ಲೆಗ್ ಕಡೆಗೆ ಒಂದು ಹಗ್ಗ ಇಟ್ಟರೆ ಕಾಲು ಸರಿದದ್ದು ತಕ್ಷಣ ಗೊತ್ತಾಗುತ್ತದೆ.

ವೇಗಕ್ಕೆ ಕಣ್ಣು ಪಳಗಿಸಲು ಸೈಡ್ ಆರ್ಮ್ ಎಂಬ ಉದ್ದ ಹಿಡಿಯ ಎಸೆಯುವ ಸಾಧನ ಈಗ ಬಹಳ ಅಕಾಡೆಮಿಗಳಲ್ಲಿದೆ. ಭಾರತ ತಂಡಕ್ಕೆ ವರ್ಷಗಳಿಂದ ಥ್ರೋಡೌನ್ ಕೊಡುತ್ತಿರುವ ರಾಘವೇಂದ್ರ ನಮ್ಮ ಕುಮಟಾದವರು, ಈ ಸಾಧನದಲ್ಲಿ ಅವರದ್ದು ಎತ್ತಿದ ಕೈ. ಆದರೆ ಪಳಗದ ಕೈಯಲ್ಲಿ ಅದು ಅಪಾಯ: ಚೆಂಡು ಪುಟಿಯದೆ ಎದೆಗೇ ಬರುತ್ತದೆ. ಎಸೆಯುವವರು ಖಾಲಿ ನೆಟ್ಟಿನಲ್ಲಿ ಲೆಂಗ್ತಿಗೆ ಎಸೆಯುವುದನ್ನು ಕಲಿತ ಮೇಲೆಯೇ ಬ್ಯಾಟ್ಸ್‌ಮನ್ ಎದುರು ನಿಲ್ಲಲಿ.

ಬೌಲಿಂಗ್

ಟೆನಿಸ್ ಬಾಲ್ ಬೌಲರುಗಳ ಮೊದಲ ಸಮಸ್ಯೆ ಮೊಣಕೈ. ಹಗುರದ ಚೆಂಡಿಗೆ ವೇಗ ಬರಿಸಲು ಕೈ ಮಡಿಸಿ ಝಾಡಿಸುವುದು ರೂಢಿ, ಎಷ್ಟೋ ಟೂರ್ನಮೆಂಟುಗಳಲ್ಲಿ ಯಾರೂ ಕೇಳುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ತೋಳು ಭುಜದ ಮಟ್ಟಕ್ಕೆ ಬಂದ ಮೇಲೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಲೀಗ್ ಪಂದ್ಯದಲ್ಲಿ ಅಂಪೈರ್ ಕಣ್ಣಿಗೆ ಎಸೆತ ಅನಿಸಿದರೆ ನೋ ಬಾಲ್. ಇದನ್ನು ನೋಡಲು ಫೋನಿನ ಸ್ಲೋ ಮೋಷನ್ ಸಾಕು. ಫೋನನ್ನು ಬೌಲಿಂಗ್ ಕ್ರೀಸಿನ ನೇರಕ್ಕೆ, ಬೌಲರ್‌ನಿಂದ 6, 7 ಮೀಟರ್ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ಆರು ಚೆಂಡು ತೆಗೆಯಿರಿ. ಆಮೇಲೆ ಬ್ಯಾಟ್ಸ್‌ಮನ್ ತುದಿಯಿಂದ ಆರು. ಕೈ ಮಡಿಯುತ್ತಿದ್ದರೆ ಓಟ ಬಿಟ್ಟು ನಿಂತಲ್ಲಿಂದ, ಆಮೇಲೆ ಮೂರು ಹೆಜ್ಜೆಯಿಂದ, ಅರ್ಧ ವೇಗದಲ್ಲಿ ತಿಂಗಳುಗಟ್ಟಲೆ ತಿದ್ದಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ವೇಗದ ಬೌಲರ್ ಚೆಂಡನ್ನು ಹಿಡಿಯುವಾಗ ತೋರುಬೆರಳು, ನಡುಬೆರಳು ಸೀಮಿನ ಎರಡೂ ಬದಿಗೆ, ಹೆಬ್ಬೆರಳಿನ ಪಕ್ಕ ಕೆಳಗೆ ಸೀಮಿನ ಮೇಲೆ. ಅಂಗೈಗೂ ಚೆಂಡಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು. ಬಲಗೈ ಬ್ಯಾಟ್ಸ್‌ಮನ್‌ಗೆ ಔಟ್ ಸ್ವಿಂಗ್ ಬೇಕಾದರೆ ಸೀಮ್ ಮೊದಲ ಸ್ಲಿಪ್ಪಿನ ಕಡೆಗೆ ಓರೆಯಾಗಿ, ಹೊಳಪಿನ ಬದಿ ನಿಮ್ಮ ಬಲಕ್ಕೆ ಇರಲಿ. ಇನ್ ಸ್ವಿಂಗಿಗೆ ಸೀಮ್ ಲೆಗ್ ಸ್ಲಿಪ್ಪಿನ ಕಡೆಗೆ, ಹೊಳಪು ಎಡಕ್ಕೆ. ಹೊಳಪು ಬರಿಸುವುದು ಬೆವರಿನಿಂದ. 2022ರಿಂದ ಕ್ರಿಕೆಟ್ ನಿಯಮಾವಳಿಯಲ್ಲೇ ಎಂಜಲು ನಿಷಿದ್ಧ. ಕೈಬಿಡುವಾಗ ಸೀಮ್ ತಡಬಡಿಸುತ್ತಿದೆಯೇ ಎಂದು ತಿಳಿಯಲು ಚೆಂಡಿನ ಸೀಮಿನ ಸುತ್ತ ಅಗಲವಾದ ಬಿಳಿ ಟೇಪು ಅಂಟಿಸಿ ಹತ್ತು ಮೀಟರಿನಲ್ಲಿ ಗೆಳೆಯನಿಗೆ ಹಾಕಿ. ಪಟ್ಟೆ ನೇರವಾಗಿ ಕಂಡರೆ ಮಣಿಕಟ್ಟು ಚೆಂಡಿನ ಹಿಂದೆ ಇದೆ.

ರನ್ ಅಪ್ ಅಳೆಯುವುದು ಹೀಗೆ: ಕ್ರೀಸಿನ ಮೇಲೆ ಪಿಚ್ಚಿಗೆ ಬೆನ್ನು ಮಾಡಿ ನಿಂತು, ಬೌಲಿಂಗಿನ ಎದುರು ದಿಕ್ಕಿಗೆ ನಿಮ್ಮ ಸಹಜ ವೇಗದಲ್ಲಿ ಓಡಿ ಎಲ್ಲಿ ಸಲೀಸಾಗಿ ಚೆಂಡು ಬಿಡುತ್ತೀರೋ ಅಲ್ಲಿ ಗೆಳೆಯ ಗುರುತು ಹಾಕಲಿ. ಹತ್ತು ಸಲ ಮಾಡಿ, ಗುರುತುಗಳು ಒತ್ತಾಗಿ ಬಿದ್ದ ಜಾಗ ಆರಿಸಿ, ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡಿ. ಹೆಜ್ಜೆ ಎಣಿಸಿ ಅಳೆದರೆ ದಣಿದ ದಿನ ಅರ್ಧ ಮೀಟರ್ ಕಡಿಮೆಯಾಗಿ ನೋ ಬಾಲ್ ಬೀಳುತ್ತದೆ. ನೆಟ್ಟಿನಲ್ಲೂ ಬೌಲರ್ ಮುಂಗಾಲು ಪೂರ್ತಿ ದಾಟಬಾರದ ಪಾಪಿಂಗ್ ಕ್ರೀಸ್ ಗೆರೆ ಇರಲೇಬೇಕು. ನೆಟ್ಟಿನಲ್ಲಿ ಒಂದಡಿ ಮುಂದೆ ಬಂದು ವಿಕೆಟ್ ಕೀಳುವವರು ಪಂದ್ಯದಲ್ಲಿ ಲೆಂಗ್ತನ್ನೇ ಕಳೆದುಕೊಳ್ಳುತ್ತಾರೆ.

ಟೆನಿಸ್ ಬಾಲಿನಲ್ಲಿ ಯಾರ್ಕರ್ ಮತ್ತು ಶಾರ್ಟ್ ಬಾಲ್ ಎರಡೇ ಸಾಕಾಗುತ್ತದೆ. ಲೆದರ್ ಬಾಲಿನಲ್ಲಿ ವಿಕೆಟ್ ಕೊಡುವುದು ನಡುವಿನ ಜಾಗ. 100ರಿಂದ 110 ಕಿಲೋಮೀಟರ್ ವೇಗದ ಹುಡುಗರಿಗೆ ಅದು ಬ್ಯಾಟ್ಸ್‌ಮನ್‌ನ ಸ್ಟಂಪಿನಿಂದ ಸುಮಾರು 5ರಿಂದ 6 ಮೀಟರ್, ಇನ್ನೂ ವೇಗ ಇದ್ದರೆ 6ರಿಂದ 8. ಸ್ಪಿನ್ನರಿಗೆ ಸುಮಾರು 4 ಮೀಟರ್. ಆ ಜಾಗದಲ್ಲಿ ಆಫ್ ಸ್ಟಂಪಿಗೆ ತಾಗಿ ಹೊರಕ್ಕೆ 40 ಸೆಂಟಿಮೀಟರ್ ಅಗಲದ ಚೌಕ ಬರೆದು, ಬ್ಯಾಟ್ಸ್‌ಮನ್ ಇಲ್ಲದೆ 24 ಚೆಂಡು ಹಾಕಿ ಎಷ್ಟು ಬಿತ್ತು ಎಂದು ಬರೆಯಿರಿ. ಆಮೇಲೆ ಬ್ಯಾಟ್ಸ್‌ಮನ್ ನಿಲ್ಲಿಸಿ ಅದೇ 24. ಎರಡನೆಯ ಸಂಖ್ಯೆ ತೀರಾ ಇಳಿದರೆ ನಿಮ್ಮ ಕಣ್ಣು ಚೌಕ ಬಿಟ್ಟು ಬ್ಯಾಟ್ಸ್‌ಮನ್ ಮೇಲೆ ಹೋಗುತ್ತಿದೆ.

ಬೆನ್ನಿನ ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುವುದಿದೆ. ಬೆಳೆಯುವ ವಯಸ್ಸಿನಲ್ಲಿ ಅತಿಯಾಗಿ ಬೌಲ್ ಮಾಡಿದ ವೇಗದ ಬೌಲರುಗಳಿಗೆ ಸೊಂಟದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ, ಅದಕ್ಕೆ ತಿಂಗಳುಗಟ್ಟಲೆ ವಿಶ್ರಾಂತಿಯೇ ಮದ್ದು. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಚುವ ಆಕ್ಷನ್ ಇದ್ದವರಿಗೆ ಅಪಾಯ ಹೆಚ್ಚು. 13 ವರ್ಷದವರೆಗಿನವರು ಒಂದು ಸ್ಪೆಲ್ಲಿಗೆ (ಬೌಲಿಂಗಿನ ಒಂದು ಸರದಿಗೆ) 5 ಓವರು, ದಿನಕ್ಕೆ 10; 14, 15ರವರು 6 ಮತ್ತು 12; 16, 17ರವರು 7 ಮತ್ತು 18 ಮೀರಬಾರದು. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೇಡ, ಸತತ ಮೂರು ದಿನವೂ ಬೇಡ. ನೆಟ್ಟಿನ ಚೆಂಡುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಶಾಲೆಯ ತಂಡ, ಅಕಾಡೆಮಿ, ಕ್ಲಬ್ ಮೂರೂ ಕಡೆ ಬೌಲ್ ಮಾಡುವ ಹುಡುಗನ ಒಟ್ಟು ಲೆಕ್ಕ ಯಾವ ಕೋಚ್ ಬಳಿಯೂ ಇರುವುದಿಲ್ಲ, ಅದನ್ನು ಮನೆಯವರೇ ಇಟ್ಟುಕೊಳ್ಳಬೇಕು. ಒಂದು ಕಾಲಿನ ಮೇಲೆ ನಿಂತು ಹಿಂದಕ್ಕೆ ಬಾಗಿದಾಗ ಸೊಂಟದ ಒಂದೇ ಬದಿ ನೋಯುತ್ತಿದ್ದರೆ ಅಂದೇ ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮುಲಾಮು ಹಚ್ಚಿ ಪಂದ್ಯಕ್ಕೆ ಕಳಿಸಬೇಡಿ.

ಫೀಲ್ಡಿಂಗ್

ಟೆನಿಸ್ ಬಾಲನ್ನು ಕಸಿದು ಹಿಡಿಯುವ ಕೈ ಲೆದರ್ ಬಾಲಿಗೆ ಒಡೆಯುತ್ತದೆ. ಚೆಂಡು ತಾಗಿದ ಕ್ಷಣ ಕೈ ಮೈಯ ಕಡೆಗೆ ಒಂದಡಿ ಹಿಂದೆ ಬರಬೇಕು. ಸೊಂಟದ ಕೆಳಗಿನ ಕ್ಯಾಚಿಗೆ ಬೆರಳು ಕೆಳಮುಖ, ಎದೆಯ ಮೇಲಿನದಕ್ಕೆ ಮೇಲ್ಮುಖ. ಬೆರಳ ತುದಿ ಚೆಂಡಿನ ಕಡೆಗೆ ಚೂಪಾಗಿ ನಿಂತರೆ ಬೆರಳು ಮುರಿಯುತ್ತದೆ. ದಿನಕ್ಕೆ 50 ಕ್ಯಾಚು: 20 ಹತ್ತಿರದವು, 20 ಸ್ಲಿಪ್ ಕ್ಯಾಚು, 10 ಎತ್ತರದವು. ಇದನ್ನು ಅಭ್ಯಾಸದ ಕೊನೆಗೆ ತಳ್ಳದೆ ನೆಟ್ಟಿಗೆ ಮೊದಲೇ ಮುಗಿಸಿ, ದಣಿದ ಕೈಯಲ್ಲೇ ಗಾಯಗಳಾಗುವುದು.

ಮ್ಯಾಟು ಮತ್ತು ಟರ್ಫು

ಜಿಲ್ಲೆಗಳಲ್ಲಿ ಅಭ್ಯಾಸ ಹೆಚ್ಚಾಗಿ ಸಿಮೆಂಟಿನ ಮೇಲೆ ಹಾಸಿದ ಮ್ಯಾಟಿನಲ್ಲಿ. ಅಲ್ಲಿ ಪುಟಿತ ಎತ್ತರ ಮತ್ತು ಒಂದೇ ಸಮ. ಹಿಂಗಾಲಿನ ಆಟಕ್ಕೆ, ಕಟ್ಟಿಗೆ, ಪುಲ್ಲಿಗೆ ಮ್ಯಾಟು ಒಳ್ಳೆಯ ಶಾಲೆ. ಸ್ಪಿನ್ನರಿಗೂ ಅಲ್ಲಿ ತಿರುವು ಸಿಗುತ್ತದೆ. ಕೊರತೆ ಎಂದರೆ ಚೆಂಡು ಕೆಳಗೆ ಉಳಿಯುವುದೇ ಇಲ್ಲ. ಅದೇ ಹುಡುಗರು ಆಯ್ಕೆ ಪಂದ್ಯಕ್ಕೆ ಟರ್ಫ್ ಮೈದಾನಕ್ಕೆ ಬಂದಾಗ ಮೊಣಕಾಲಿನ ಎತ್ತರಕ್ಕೆ ಬಂದ ಚೆಂಡಿಗೆ ಎಲ್‌ಬಿಡಬ್ಲ್ಯೂ ಆಗುತ್ತಾರೆ. ಟರ್ಫಿಗೆ ಹೋಗುವ ಎರಡು ವಾರ ಮೊದಲು ಥ್ರೋಡೌನ್ ಕೊಡುವವರು ಮಂಡಿಯೂರಿ ಕೂತು ಎಸೆಯಲಿ, ಅದರ ಜತೆ ಒದ್ದೆ ಟೆನಿಸ್ ಬಾಲು ದಿನಾ 30. ಮ್ಯಾಟನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದಿದೆಯೇ ಎಂದು ಆಡುವ ಮೊದಲು ನೋಡಿ. ಸುಕ್ಕಿಗೆ ಬಿದ್ದ ಚೆಂಡು ಯಾವ ಕಡೆ ನೆಗೆಯುತ್ತದೆಂದು ಯಾರೂ ಹೇಳಲಾರರು.

ಕೋಚ್ ಆರಿಸುವುದು, ವಾರ ಹಂಚುವುದು

ಅಕಾಡೆಮಿಗೆ ಹಣ ಕಟ್ಟುವ ಮೊದಲು ಎರಡು ಸಂಜೆ ಸುಮ್ಮನೆ ಹೊರಗೆ ನಿಂತು ನೋಡಿ. ಒಂದು ನೆಟ್ಟಿಗೆ ಎಷ್ಟು ಮಕ್ಕಳು? ಎಂಟು ದಾಟಿದರೆ ಒಬ್ಬೊಬ್ಬರಿಗೆ ಸಿಗುವುದು ಹತ್ತು ಹನ್ನೆರಡು ಚೆಂಡು. ಕೋಚ್ ಒಬ್ಬ ಹುಡುಗನಿಗೆ ಒಂದು ಸಂಜೆ ಎಷ್ಟು ವಿಷಯ ಹೇಳುತ್ತಾರೆ? ಒಂದೇ ವಿಷಯ ಹೇಳಿ ಅದನ್ನೇ ಮತ್ತೆ ಮತ್ತೆ ನೋಡುವವರು ಒಳ್ಳೆಯ ಕೋಚ್. ತಲೆ, ಮೊಣಕೈ, ಕಾಲು, ಹಿಡಿತ ಎಲ್ಲವನ್ನೂ ಒಂದೇ ಉಸಿರಿಗೆ ತಿದ್ದುವವರ ಕೈಯಲ್ಲಿ ಮಗು ಗೊಂದಲಕ್ಕೆ ಬೀಳುತ್ತದೆ. ಬರೀ ಬೌಲಿಂಗ್ ಮೆಷಿನ್ ಇಟ್ಟಿರುವ ಅಕಾಡೆಮಿಗಿಂತ ಪಂದ್ಯ ಆಡಿಸುವ ಅಕಾಡೆಮಿ ಮೇಲು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಲೀಗ್ ಆಡಬೇಕೆಂದರೆ ಅದರ ಮಾನ್ಯತೆ ಇರುವ ಕ್ಲಬ್ಬಿನಲ್ಲಿ ಹೆಸರು ನೋಂದಾಯಿಸಬೇಕು, ಬರೀ ಅಕಾಡೆಮಿ ಸೇರಿದರೆ ಆಗದು. ನಿಮ್ಮ ವಲಯದಲ್ಲಿ ಯಾವ ಕ್ಲಬ್ಬು ಯಾವ ಡಿವಿಷನ್ನಿನಲ್ಲಿದೆ ಎಂದು ಮೊದಲೇ ವಿಚಾರಿಸಿ. ಹಣ ಕೊಟ್ಟರೆ ತಂಡಕ್ಕೆ ಆಯ್ಕೆ ಮಾಡಿಸುತ್ತೇನೆ ಎನ್ನುವವರಿಂದ ದೂರ ಇರಿ. ವಯಸ್ಸಿನ ದಾಖಲೆ ತಿದ್ದಿಸುವ ಯೋಚನೆಯೂ ಬೇಡ, ವಯೋಮಿತಿಯ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ನೋಡುತ್ತಾರೆ.

ಬೇಸಿಗೆ ಶಿಬಿರದ ಒಂದು ತಿಂಗಳಿನಲ್ಲಿ ಹಿಡಿತ, ನಿಲುವು, ಬಿಡುವುದು ಇಷ್ಟನ್ನು ಕಲಿತರೆ ಅದು ದೊಡ್ಡದು. ಎಲ್ಲ ಹೊಡೆತವನ್ನೂ ಕಲಿಸುತ್ತೇವೆ ಎನ್ನುವ ಶಿಬಿರ ಯಾವುದನ್ನೂ ಕಲಿಸುವುದಿಲ್ಲ. ಶಾಲೆಗೆ ಹೋಗುವವರಿಗೆ ವಾರಕ್ಕೆ ಮೂರು ದಿನ ಒಂದೂವರೆ ಗಂಟೆ, ಒಂದು ಪಂದ್ಯ, ಎರಡು ದಿನ ಮನೆಯಲ್ಲೇ ಇಪ್ಪತ್ತು ನಿಮಿಷ, ಒಂದು ದಿನ ಪೂರ್ತಿ ಬಿಡುವು. ಮೂರು ದಿನಗಳಲ್ಲಿ ಮೊದಲ ದಿನ ಒಂದೇ ಹೊಡೆತವನ್ನು 60, 70 ಸಲ ಮಾಡಿ. ಎರಡನೇ ದಿನ ಯಾವ ಚೆಂಡು ಬರುತ್ತದೆಂದು ಹೇಳದೆ ಬೆರೆಸಿ ಕೊಡಲಿ. ಆ ದಿನ ಆಟ ಕೆಟ್ಟದಾಗಿ ಕಾಣುತ್ತದೆ, ಆದರೆ ಕಲಿತದ್ದು ಪಂದ್ಯಕ್ಕೆ ದಾಟುವುದು ಅಂಥ ದಿನಗಳಿಂದಲೇ. ಮೂರನೇ ದಿನ ಫೀಲ್ಡರುಗಳು ಎಲ್ಲಿದ್ದಾರೆ ಎಂದು ಮೊದಲೇ ಹೇಳಿ 30 ಚೆಂಡಿನ ನೆಟ್ಟು, ಔಟಾದರೆ ಪ್ಯಾಡು ಬಿಚ್ಚುವುದು. ಮನೆಯ ಇಪ್ಪತ್ತು ನಿಮಿಷಕ್ಕೆ ಗೋಡೆ ಮತ್ತು ಒಂದು ರಬ್ಬರ್ ಚೆಂಡು ಇದ್ದರೆ ಸಾಕು.

ಮೊದಲ ಪಂದ್ಯ

ಟಾಸಿಗೆ ಒಂದು ಗಂಟೆ ಮೊದಲು ಮೈದಾನದಲ್ಲಿರಿ. ಪಿಚ್ಚಿನ ಪಕ್ಕ ಪಂದ್ಯದಲ್ಲಿ ಬಳಸುವ ಬಗೆಯ ಚೆಂಡಿನಲ್ಲೇ ಹತ್ತು ಕ್ಯಾಚು, ಹತ್ತು ಡಿಫೆನ್ಸ್. ಕ್ರೀಸಿಗೆ ಹೋದ ಮೇಲೆ ಗಾರ್ಡ್ ಕೇಳಿ, ಗುರುತು ಹಾಕಿ, ಫೀಲ್ಡು ನೋಡಿ. ಅವಸರ ಮಾಡಿಸುವವರು ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮೊದಲ 12 ಚೆಂಡಿಗೆ ಎರಡೇ ಗುರಿ: ಸ್ಟಂಪಿಗೆ ಬಂದದ್ದನ್ನು ಕಣ್ಣಿನ ಕೆಳಗೆ ತಡೆಯುವುದು, ಹೊರಗಿನದನ್ನು ಬಿಡುವುದು. ಕಾಲಿಗೆ ಬಂದ ಚೆಂಡು ತಾನೇ ರನ್ ಕೊಡುತ್ತದೆ.

ಔಟಾದ ಬಳಿಕ ಅಥವಾ ಸ್ಪೆಲ್ ಮುಗಿದ ಬಳಿಕ ಅಂದೇ ಸಂಜೆ ಮೂರು ಸಾಲು ಬರೆಯಿರಿ: ಯಾವ ಚೆಂಡಿಗೆ ಔಟಾದಿರಿ, ಆಗ ತಲೆ ಎಲ್ಲಿತ್ತು, ಮುಂದಿನ ವಾರ ಕೋಚ್ ಬಳಿ ಕೇಳಬೇಕಾದ ಒಂದೇ ಪ್ರಶ್ನೆ. ಮನೆಗೆ ಬರುವ ದಾರಿಯಲ್ಲಿ ಅಪ್ಪ ಅಮ್ಮ ಆ ಹೊಡೆತದ ವಿಮರ್ಶೆ ಮಾಡದಿರುವುದು ಮಗುವಿಗೆ ದೊಡ್ಡ ಸಹಾಯ. ಕಿಟ್ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲೋ ಬಿಸಿಲಿನಲ್ಲೋ ಬಿಡಬೇಡಿ. ಬ್ಯಾಟು ಒಣಗಿ ಬಿರಿಯುತ್ತದೆ. ಬೆವರಿದ ಗ್ಲೌಸನ್ನು ಬ್ಯಾಗಿನಿಂದ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಇಲ್ಲದಿದ್ದರೆ ಅಂಗೈಯ ತೊಗಲು ಗಟ್ಟಿಯಾಗಿ ಎರಡೇ ತಿಂಗಳಿಗೆ ಹರಿಯುತ್ತದೆ.